ಕಿನ್ನಿ, ಒಂದು ರೂಪಾಯಿ

ಕಾಸರಗೋಡಿನಲ್ಲಿ ಕಾಲೇಜು ಸುರುವಾದಂದಿನಿಂದ ನಮ್ಮ ಕಡೆಯ ಮಕ್ಕಳಿಗೆ ಉಳಿತಾಯದ ಉಪದೇಶ ಕೇಳುವ ಯೋಗ ಕೂಡಿ ಬಂದಿದೆ. ಯಾರಾದರೂ ದೊಡ್ಡವರು ಬರುತ್ತಾರೆ, ದಿನಕ್ಕೆ ಒಂದಾಣೆ ಉಳಿಸಿ, ಬೇಡದ್ದಕ್ಕೆ ಖರ್ಚು ಮಾಡಬೇಡಿ, ಸಾಲದ ಸಹವಾಸ ಬೇಡ ಎನ್ನುತ್ತಾರೆ, ಹಾರ ಹಾಕಿಸಿಕೊಂಡು ಹೋಗುತ್ತಾರೆ. ಕಳೆದ ತಿಂಗಳು ಅಂಥ ಒಂದು ಭಾಷಣವನ್ನು ನಾನೂ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಅಮ್ಮ ಹನ್ನೆರಡು ವರ್ಷ ಉಳಿಸಿದಳು. ಬೇಡದ್ದಕ್ಕೆ ಅವಳು ಒಂದು ಕಾಸು ಖರ್ಚು ಮಾಡಲಿಲ್ಲ, ಬೇಕಾದ್ದಕ್ಕೂ ಮಾಡಲಿಲ್ಲ. ಆ ದುಡ್ಡಿನಲ್ಲಿ ಈಗ ಕುಂಬಳೆಯಲ್ಲಿ ಹೆಂಚಿನ ಮನೆಯೊಂದು ನಿಂತಿದೆ. ಅದರಲ್ಲಿ ನಾವು ಇಲ್ಲ. ಉಳಿಸಿ ಎಂದು ಹೇಳುವವರು ಯಾರ ಹೆಸರಿನಲ್ಲಿ ಉಳಿಸಬೇಕು ಎಂದು ಯಾಕೆ ಹೇಳುವುದಿಲ್ಲ? ಅವರು ಹೇಳದ ಕಾರಣ ನಾನು ಹೇಳುತ್ತೇನೆ.

ಅಮ್ಮನ ಹೆಸರು ಕಿನ್ನಿ. ಸೀತಾಂಗೋಳಿಯ ಮಾರ್ಗದಿಂದ ಸ್ವಲ್ಪ ಒಳಗೆ ನಡೆದರೆ ಗುಡ್ಡೆಯ ಬದಿಯಲ್ಲಿ ನಮ್ಮ ಮುಳಿಹುಲ್ಲಿನ ಮನೆ. ಅಪ್ಪ ಕಾಫಿತೋಟದ ಕೆಲಸಕ್ಕೆಂದು ಘಟ್ಟ ಹತ್ತಿದವನು ಚಳಿಜ್ವರ ಬಂದು ಅಲ್ಲಿಯೇ ತೀರಿಕೊಂಡ. ನನಗೆ ಅವನ ಮುಖದ ನೆನಪಿಲ್ಲ. ಅಮ್ಮ ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಕೂತರೆ ಅವಳ ಬೆರಳು ಅದರ ಪಾಡಿಗೆ ಓಡುತ್ತಿತ್ತು, ಬಾಯಿ ಅದರ ಪಾಡಿಗೆ ಯಾರನ್ನೋ ಬೈಯುತ್ತಿತ್ತು. ವಾರಕ್ಕೊಮ್ಮೆ ಕಟ್ಟಿದ್ದನ್ನು ಹೊತ್ತು ಕುಂಬಳೆಗೆ ನಡೆಯುತ್ತಿದ್ದಳು. ಅಲ್ಲಿ ಬೀಡಿ ಪರೀಕ್ಷೆ ಮಾಡುವವನು ಕೈಗೆ ಸಿಕ್ಕಿದ್ದನ್ನು ಮುರಿದು, ಇದು ಸರಿ ಇಲ್ಲ ಎಂದು ಕೂಲಿ ಕಡಿದರೆ, ಮುರಿದ ಬೀಡಿಯನ್ನು ಅವನ ಮೂಗಿನ ಎದುರು ಹಿಡಿದು ಎಲ್ಲಿ ಸರಿ ಇಲ್ಲ ತೋರಿಸು ಎನ್ನುತ್ತಿದ್ದಳು. ಅಮ್ಮ ಸಾಧುಹೆಂಗಸು, ಪಾಪದವಳು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು. ಮತ್ತೆ ಅವಳಿಗೆ ಚಾಯ ಎಂದರೆ ಜೀವ. ಆದರೆ ಮನೆಯಲ್ಲಿ ಹಾಲಿಲ್ಲದ, ಬೆಲ್ಲದ ಕಣ್ಣಚಾಯ ಆಗುತ್ತಿದ್ದದ್ದು ಆದಿತ್ಯವಾರ ಮಾತ್ರ.

ಅಮ್ಮನಿಗೆ ಒಬ್ಬನೇ ತಮ್ಮ, ಹೊನ್ನಯ್ಯ. ನನ್ನ ಸೋದರಮಾವ. ನಮ್ಮದು ಅಳಿಯಕಟ್ಟು, ಎಂದರೆ ಸಂತಾನ ಹೆಣ್ಣಿನ ಕಡೆಯಿಂದ ಲೆಕ್ಕ, ಯಜಮಾನಿಕೆ ಮಾತ್ರ ಹೆಣ್ಣಿನ ಅಣ್ಣ ತಮ್ಮಂದಿರಿಗೆ. ಅಕ್ಕನ ಮಕ್ಕಳನ್ನು ಓದಿಸಿ, ಬೆಳೆಸಿ, ಮದುವೆ ಮಾಡುವ ಹೊಣೆಯೂ ಯಜಮಾನನದ್ದೇ. ಈ ಮಾತನ್ನು ನೆನಪಿಡಿ.

ಹೊನ್ನಯ್ಯ ಮಾವ ಎಸ್ಸೆಸ್ಸೆಲ್ಸಿ ಪಾಸಾದಾಗ ಮಂಗಳೂರಿನ ಕಾಲೇಜಿಗೆ ಸೇರಬೇಕು ಎಂದ. ಯುದ್ಧ ಸುರುವಾಗುವುದಕ್ಕೆ ಒಂದು ವರ್ಷ ಮೊದಲಿನ ಮಾತು, ನಾನು ಆಗ ತೊಟ್ಟಿಲಲ್ಲಿದ್ದೆ. ಮನೆಯಲ್ಲಿ ದುಡ್ಡಿಲ್ಲ. ಆಗ ಅಜ್ಜಿ ಚಾಯಕುರಿ ಮಾಡೋಣ ಎಂದಳು. ಘಟ್ಟದ ಮೇಲಿನವರು ಕುರಿ ಎಂದ ಕೂಡಲೇ ಮೇಯುವ ಕುರಿ ಎಂದುಕೊಳ್ಳುತ್ತಾರೆ. ಇದು ಮಲೆಯಾಳದ ಕಡೆಯಿಂದ ಬಂದ ಮಾತು. ದುಡ್ಡಿನ ಅಗತ್ಯ ಬಿದ್ದವನು ಚಾಯದಂಗಡಿಯಲ್ಲಿ ಒಂದು ದಿನ ಗೊತ್ತು ಮಾಡಿ ಊರಿನವರನ್ನು ಕರೆಯುತ್ತಾನೆ. ಬಂದವರು ಚಾಯ ಕುಡಿದು, ಅವಲಕ್ಕಿ ತಿಂದು, ಹರಿವಾಣಕ್ಕೆ ಕೈಲಾದಷ್ಟು ಹಾಕುತ್ತಾರೆ. ಅಂಗಡಿಯವನು ಹಾಕಿದವರ ಹೆಸರನ್ನೂ ಮೊತ್ತವನ್ನೂ ಗಟ್ಟಿಯಾಗಿ ಕೂಗುತ್ತಾನೆ. ಕೂಗಿದ್ದನ್ನು ಕೂತವರೆಲ್ಲ ಕೇಳಿರುತ್ತಾರೆ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇದು ದಾನ ಅಲ್ಲ. ನಾಳೆ ಹಾಕಿದವನ ಮನೆಯಲ್ಲಿ ಕುರಿಯಾದಾಗ ಚಾಯ ಕೊಟ್ಟವನು ಹೋಗಿ ತಿರುಗಿ ಹಾಕಬೇಕು. ಒಂದು ತೆಗೆದುಕೊಂಡವನು ಎರಡು ಹಾಕುತ್ತಾನೆ, ಮೇಲಿನ ಒಂದು ಅವನಿಗೆ ಬರಬೇಕಾದ್ದಾಗಿ ಉಳಿಯುತ್ತದೆ. ಹೀಗೆ ಕೊಡುಕೊಳ್ಳುವುದು ನಿಲ್ಲುವುದೇ ಇಲ್ಲ, ನಿಲ್ಲಬಾರದು. ತೆಗೆದುಕೊಂಡದ್ದನ್ನು ಸರೀ ಅಷ್ಟೇ ಹಿಂದೆ ಹಾಕಿದರೆ ಲೆಕ್ಕ ಮುಗಿಯಿತು ಎಂದರ್ಥ. ಲೆಕ್ಕ ಮುಗಿದರೆ ಮಾತೂ ಮುಗಿಯಿತು, ಮತ್ತೆ ಅವರ ಮದುವೆಗೆ ಇವರಿಲ್ಲ, ಇವರ ಸಾವಿಗೆ ಅವರಿಲ್ಲ. ಮುಖಕ್ಕೆ ಉಗಿದರೂ ನಮ್ಮಲ್ಲಿ ಅಷ್ಟು ಅವಮಾನವಿಲ್ಲ.

ಮಾವನ ಚಾಯ ನಡೆದದ್ದು ಕೂಸಪ್ಪನ ಅಂಗಡಿಯಲ್ಲಿ. ಕೂಸಪ್ಪನಿಗೆ ಆಗ ಹೊಸ ಪ್ರಾಯ, ಗಂಟಲು ಕುಂಬಳೆಯ ಸ್ಟೇಶನ್ನಿಗೆ ಕೇಳುವಷ್ಟು. ನಮ್ಮೂರಿನ ಹುಡುಗ ಕಾಲೇಜಿಗೆ ಹೋಗುತ್ತಾನೆಂದು ಜನ ಮುಗಿಬಿದ್ದು ಬಂದರು. ಒಂದು ರೂಪಾಯಿ ಹಾಕಿದವರೇ ಹೆಚ್ಚು, ಎರಡು ಹಾಕಿದವರೂ ಇದ್ದರು. ನೂರೈವತ್ತಕ್ಕೆ ಮೇಲೆ ಬಂತು. ಮಾವ ಇಂಟರ್ಮೀಡಿಯೇಟ್ ಮುಗಿಸಿದ, ಟೈಪು ಕಲಿತ, ಮದ್ರಾಸಿನ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾದ, ಮರುವರ್ಷವೇ ಮದುವೆಯನ್ನೂ ಆದ.

ಈ ಕಡೆ ಊರಿನಲ್ಲಿ ಒಬ್ಬೊಬ್ಬರ ಕುರಿ ಬರತೊಡಗಿತು. ಒಬ್ಬನಿಗೆ ಎತ್ತು ಸತ್ತಿತು, ಇನ್ನೊಬ್ಬನಿಗೆ ಮಗಳ ಮದುವೆ. ಮಾವ ರಜೆಯಲ್ಲಿ ಬಂದಾಗ ಅಮ್ಮ, ಕೊಡಬೇಕಾದವರ ಚಾಯ ಬರ್ತಾ ಉಂಟು, ತಿಂಗಳಿಗೆ ಇಷ್ಟು ಕಳಿಸು ಎಂದಳು. ಮಾವ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದನಂತೆ.

"ಅದು ಸಾಲ ಅಲ್ಲ ಅಕ್ಕ. ಬರೆದುಕೊಟ್ಟದ್ದು ಎಂತಾದರೂ ಉಂಟಾ? ಬರವಣಿಗೆ ಇಲ್ಲದ್ದನ್ನು ಕೋರ್ಟು ಕೇಳುವುದಿಲ್ಲ" ಎಂದ.

ಕಾಲೇಜಿನಲ್ಲಿ ಅವನು ಕಲಿತದ್ದು ಇದು. ಊರಿನವರ ಒಂದೊಂದು ರೂಪಾಯಿ ಸೇರಿ ಕಲಿಸಿದ ವಿದ್ಯೆ ಊರಿನವರಿಗೇ ನಾಮ ಹಾಕಲು ಬಂತು. ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗೆ? ಅಮ್ಮ ಅವನಿಗೆ ಏನು ಬೈದಳೋ ನನಗೆ ಗೊತ್ತಿಲ್ಲ, ಅಜ್ಜಿ ಕಿವಿ ಮುಚ್ಚಿಕೊಂಡಳು ಎಂದು ಮಾತ್ರ ಕೇಳಿದ್ದೇನೆ. ಆದರೆ ಬೈದು ಮುಗಿಸಿದ ಮೇಲೆ ಅಮ್ಮ ಗೆರಸೆ ತೆಗೆದುಕೊಂಡು ಕೂತಳು. ಮನೆಯ ಮರ್ಯಾದೆ ಹೋಗಬಾರದು ಎಂದು ಅವಳೇ ಕೊಡತೊಡಗಿದಳು.

ಚಾಯದಂಗಡಿಯ ಒಳಗೆ ಹೆಂಗಸರು ಕಾಲಿಡುವ ಕ್ರಮವಿರಲಿಲ್ಲ. ಅಮ್ಮ ಹಿಂದಿನ ಬಾಗಿಲಲ್ಲಿ, ಸೌದೆ ಒಟ್ಟಿದಲ್ಲಿ ನಿಂತು ಕೂಸಪ್ಪನ ಕೈಗೆ ದುಡ್ಡು ಕೊಡುತ್ತಿದ್ದಳು. ಅವನು ಒಳಗೆ ಹೋಗಿ ಹರಿವಾಣಕ್ಕೆ ಹಾಕಿ ಕೂಗುತ್ತಿದ್ದ. "ಹೊನ್ನಯ್ಯ, ಎರಡು ರೂಪಾಯಿ." ಮೊದಲ ಸಲ ಅಮ್ಮ ಅವನನ್ನು ಕೇಳಿದಳಂತೆ, ಕೊಟ್ಟದ್ದು ನಾನಲ್ಲವಾ ಎಂದು. ಹೆಂಗಸಿನ ಹೆಸರನ್ನು ನಾಲ್ಕು ಗಂಡಸರ ನಡುವೆ ಕೂಗಿದರೆ ಚಂದವಾ ಕಿನ್ನಿಯಕ್ಕ, ಯಜಮಾನ ಅವನೇ ಅಲ್ಲವಾ ಎಂದನಂತೆ ಅವನು. ಅಮ್ಮನಿಗೂ ಸರಿ ಎಂದು ಕಂಡಿತು. ಮನೆ ಒಂದೇ ಆದ ಮೇಲೆ ಯಾರ ಹೆಸರಾದರೇನು ಎಂದು ಬಿಟ್ಟಳು. ಬೀಡಿ ಸರಿ ಇಲ್ಲ ಎಂದವನನ್ನು ಬಿಡದ ಹೆಂಗಸು ಇದನ್ನು ಬಿಟ್ಟಳು! ಕೂಸಪ್ಪ ಕೆಟ್ಟವನಲ್ಲ. ಕೆಟ್ಟವರ ವಿಷಯದಲ್ಲಿ ಜಾಗ್ರತೆಯಾದರೂ ಇರುತ್ತದೆ. ನಮ್ಮ ಮನೆ ತೆಗೆದದ್ದು ಇಂಥ ಒಳ್ಳೆಯವರ ಚಂದದ ಮಾತು.

ನಾನು ಶಾಲೆಗೆ ಹೋಗತೊಡಗಿದ ಮೇಲೆ ಅಮ್ಮನ ಕೊಡುವಿಕೆಗೆ ಬೇರೆ ಅರ್ಥ ಬಂತು. ಅಲ್ಲಿಯವರೆಗೆ ಅದು ತಮ್ಮನ ಋಣ ತೀರಿಸುವ ಕೆಲಸ. ಈಗ ಅವಳು ಬೇಕೆಂದೇ ಮೇಲೆ ಹಾಕತೊಡಗಿದಳು. ಒಂದಕ್ಕೆ ಎರಡು ಸಾಕಾದಲ್ಲಿ ಮೂರು. ಈ ಮೇಲಿನದ್ದೆಲ್ಲ ಊರಿನವರ ಹತ್ತಿರ ಇರಲಿ ಅಮ್ಮು, ನೀನು ಕಾಲೇಜಿಗೆ ಹೋಗುವಾಗ ನಾನೊಂದು ಚಾಯ ಇಡುತ್ತೇನೆ, ಎಲ್ಲ ಒಟ್ಟಿಗೆ ಬರುತ್ತದೆ ಎನ್ನುತ್ತಿದ್ದಳು. ಮನೆಯಲ್ಲಿಟ್ಟರೆ ಹಸಿವಾದಾಗ ತಿಂದುಹೋಗುತ್ತದೆ, ಊರಿನವರ ಹತ್ತಿರ ಇದ್ದರೆ ತಿನ್ನಲು ಸಿಕ್ಕುವುದಿಲ್ಲ ಎಂಬುದು ಅವಳ ಲೆಕ್ಕ. ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಗಂಜಿಗೆ ಉಪ್ಪಿನಕಾಯಿ ಇಲ್ಲದ ದಿನವೂ ಯಾರದ್ದೋ ಕುರಿಗೆ ದುಡ್ಡು ಹೋಗುತ್ತಿತ್ತು. ಒಂದು ಮಳೆಗಾಲ ಇಬ್ಬರಿಗೂ ಸೇರಿ ಒಂದೇ ಕೊಡೆ, ಅದಕ್ಕೂ ಕಡ್ಡಿ ಮುರಿದಿತ್ತು. ನನಗೆ ಹೊಸ ಲಂಗ ಬೇಕೆಂದು ಅತ್ತಾಗ, ನಿನ್ನ ಲಂಗವೆಲ್ಲ ಕೂಸಪ್ಪನ ಹರಿವಾಣದಲ್ಲಿ ಉಂಟು, ಕಾಲೇಜಿಗೆ ಹೋಗುವಾಗ ಒಟ್ಟಿಗೆ ಉಡು ಎಂದು ನಗಾಡಿದಳು.

ಎಸ್ಸೆಸ್ಸೆಲ್ಸಿ ಪಾಸಾದೆ. ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಆಗ ಅದು ದೊಡ್ಡ ಸುದ್ದಿ. ಕುಂಬಳೆಯಿಂದ ರೈಲಿನಲ್ಲಿ ಮಂಗಳೂರಿಗೆ ಹೋಗಿ ಬರುವುದು, ವಿದ್ಯಾರ್ಥಿಗಳ ಪಾಸು, ಫೀಸು, ಪುಸ್ತಕ, ಒಂದೆರಡು ಸೀರೆ, ಎಲ್ಲ ಸೇರಿ ಇನ್ನೂರು ರೂಪಾಯಿ ಇದ್ದರೆ ಒಂದು ವರ್ಷ ದಾಟುತ್ತಿತ್ತು. ಜೂನ್ ಮುಗಿಯುವುದರೊಳಗೆ ಕಟ್ಟಬೇಕು. ಅಮ್ಮ ಎಣ್ಣೆ ಹಚ್ಚಿ ತಲೆ ಬಾಚಿ, ಚಾಯಕ್ಕೆ ದಿನ ಗೊತ್ತು ಮಾಡಲು ಕೂಸಪ್ಪನ ಅಂಗಡಿಯ ಹಿಂದಿನ ಬಾಗಿಲಿಗೆ ಹೋದಳು. ನಾನೂ ಜೊತೆಗಿದ್ದೆ. ಕೂಸಪ್ಪ ಸೌದೆ ನೋಡಿದ, ಒಲೆ ನೋಡಿದ, ಅಮ್ಮನ ಮುಖ ಮಾತ್ರ ನೋಡಲಿಲ್ಲ. ಬರುವ ಆದಿತ್ಯವಾರಕ್ಕೆ ಹೊನ್ನಯ್ಯನ ಚಾಯ ಗೊತ್ತಾಗಿದೆ, ನಿನಗೆ ಹೇಳಲಿಲ್ಲವಾ ಎಂದ. ಕುಂಬಳೆಯಲ್ಲಿ ಮನೆ ಕಟ್ಟುತ್ತಾನಂತೆ, ಕಲ್ಲು ಇಳಿಸಿಯಾಗಿದೆಯಂತೆ. ಮದ್ರಾಸಿನಿಂದ ಬಂದು ಹೆಂಡತಿಯ ಮನೆಯಲ್ಲಿ ಇಳಿದುಕೊಂಡು ಊರಿಡೀ ಕರೆದು ಹೋಗಿದ್ದ. ಕರೆಯದೆ ಬಿಟ್ಟದ್ದು ನಮ್ಮ ಮನೆಯೊಂದನ್ನೇ.

ಅಮ್ಮ ಕುಂಬಳೆಗೆ ನಡೆದಳು. ಕೆಂಪುಕಲ್ಲಿನ ರಾಶಿಯ ಬದಿಯಲ್ಲಿ ಮಾವ ಕೊಡೆ ಹಿಡಿದು ನಿಂತಿದ್ದ. ಇಂಥ ಮಾತು ಒಳಗೆ ಕೂತು ಆಡೋಣ ಎಂದ. ಅಮ್ಮ ಒಳಗೆ ಹೋಗಲಿಲ್ಲ.

"ಆ ಚಾಯ ನನ್ನದು ಹೊನ್ನಯ್ಯ. ಅಮ್ಮುವಿನ ಫೀಸಿಗೆ ಇಟ್ಟದ್ದು. ಮನೆ ಮುಂದಿನ ವರ್ಷ ಕಟ್ಟು, ಕಲ್ಲೇನು ಕೊಳೆಯುವುದಿಲ್ಲ."

"ಊರಿನವರು ಕೊಡ್ಲಿಕ್ಕಿರುವುದು ನನ್ನ ಹೆಸರಿಗೆ ಅಕ್ಕ. ನಿನ್ನ ಹೆಸರನ್ನು ಆ ಅಂಗಡಿಯಲ್ಲಿ ಯಾರು ಕೇಳಿದ್ದಾರೆ?"

"ದುಡ್ಡು ಯಾರದ್ದು? ನಿನ್ನ ಸಾಲ ತೀರಿಸಿದ್ದು ಯಾರು?"

"ಸಾಲ ಅಂತ ನಾನು ಯಾವಾಗ ಹೇಳಿದೆ?" ಎಂದ ಮಾವ. ಮತ್ತೆ ಸಮಾಧಾನ ಮಾಡುವವನ ಹಾಗೆ, ಹೆಣ್ಣುಹುಡುಗಿಗೆ ಕಾಲೇಜು ಎಂತಕ್ಕೆ, ಒಳ್ಳೆಯ ಕಡೆ ನೋಡಿ ಕೊಟ್ಟರಾಯಿತು, ನನಗೂ ಮಕ್ಕಳಿದ್ದಾರೆ, ಅವರ ತಲೆಯ ಮೇಲೊಂದು ಮಾಡು ಬೇಡವಾ ಎಂದ.

ನೋಡಿ ಇವನ ನ್ಯಾಯ. ಹರಿವಾಣದಲ್ಲಿ ಕೈ ಹಾಕುವಾಗ ಅಳಿಯಕಟ್ಟಿನ ಯಜಮಾನ, ಖರ್ಚು ಮಾಡುವಾಗ ಮಕ್ಕಳಕಟ್ಟಿನ ಅಪ್ಪ. ಕಟ್ಟು ಯಾವುದಾದರೂ ಗಂಟು ಅವನದ್ದು. ಊರಿನ ಹಿರಿಯರ ಹತ್ತಿರವೂ ಅಮ್ಮ ಹೋದಳು. ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲ ಎಂದು ಒಬ್ಬನೂ ಸುಳ್ಳು ಹೇಳಲಿಲ್ಲ, ಆ ಮಟ್ಟಿಗೆ ಸತ್ಯವಂತರು. ಕೊಟ್ಟದ್ದು ನೀನೇ ಹೌದು, ಆದರೆ ನಾವು ಕೇಳಿದ್ದು ಹೊನ್ನಯ್ಯನ ಹೆಸರು, ಕೂಗಿದ ಹೆಸರಿಗೆ ಹಾಕದಿದ್ದರೆ ನಾಳೆ ನಮ್ಮ ಮರ್ಯಾದೆ ಎಲ್ಲಿ ಉಳಿಯುತ್ತದೆ ಎಂದರು. ಇವರ ಮರ್ಯಾದೆಗೆ ನಮ್ಮ ಬೀಡಿ ಬೇಕು, ನಮ್ಮ ಹೆಸರು ಬೇಡ.

ಆ ಆದಿತ್ಯವಾರ ಅಮ್ಮ ಪೆಟ್ಟಿಗೆಯಲ್ಲಿದ್ದ ಒಂದೇ ಒಳ್ಳೆಯ ಸೀರೆ ಉಟ್ಟಳು. ಅಂಗಡಿ ತುಂಬಿತ್ತು. ಹೊರಗೆ ಮರದ ಬುಡದಲ್ಲೂ ಜನ ಕೂತಿದ್ದರು. ಒಳಗಿನಿಂದ ಕೂಸಪ್ಪನ ಕೂಗು ಬಿಟ್ಟೂ ಬಿಟ್ಟೂ ಕೇಳುತ್ತಿತ್ತು, ಮೂರು ರೂಪಾಯಿ, ನಾಲ್ಕು ರೂಪಾಯಿ, ಐದು ರೂಪಾಯಿ. ಒಂದೊಂದು ಕೂಗಿಗೂ ನಾನು, ಇದು ನಮ್ಮದು, ಇದೂ ನಮ್ಮದು ಎಂದು ಹಲ್ಲು ಕಚ್ಚುತ್ತಿದ್ದೆ. ಅಮ್ಮ ಹಿಂದಿನ ಬಾಗಿಲ ಕಡೆ ತಿರುಗಲಿಲ್ಲ. ಎದುರಿನ ಮೆಟ್ಟಲು ಹತ್ತಿ, ಬೆಂಚುಗಳ ನಡುವೆ ನಡೆದು, ಹರಿವಾಣದ ಎದುರು ನಿಂತಳು. ಮಾವ ಹರಿವಾಣದ ಬದಿಯಲ್ಲಿ ಬಿಳಿ ಅಂಗಿ ಹಾಕಿ ಕೂತಿದ್ದವನು ತಲೆ ಎತ್ತಿ ಮಾಡಿನ ಪಕ್ಕಾಸು ನೋಡತೊಡಗಿದ. ಅಮ್ಮ ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ಹಾಕಿದಳು.

"ಕೂಗು ಕೂಸಪ್ಪ. ನನ್ನ ಹೆಸರು ಕೂಗು."

ಕೂಸಪ್ಪ ಹಿಂದಿನ ಬಾಗಿಲಿಗೆ ಬಾ ಅಕ್ಕ ಎಂದು ಮೆಲ್ಲಗೆ ಹೇಳಿದ. ಅಮ್ಮ ಅಲುಗಲಿಲ್ಲ. ಬಿದ್ದ ದುಡ್ಡನ್ನು ಕೂಗದೆ ಬಿಡುವ ಹಾಗಿಲ್ಲ, ಅದು ಅಂಗಡಿಯ ಕ್ರಮ. ಅವನು ಬಾಯಿಯೊಳಗೆ ಏನೋ ಗೊಣಗಿದ. ಅವನ ಹೆಸರು ಕೂಗಿದ ಹಾಗೆ ಕೂಗು ಎಂದಳು ಅಮ್ಮ. ಕೊನೆಗೆ ಕೂಗಿದ. ಕಿನ್ನಿ, ಒಂದು ರೂಪಾಯಿ. ಅಮ್ಮ ತಿರುಗಿ ಎಲ್ಲರಿಗೂ ಕೇಳುವ ಹಾಗೆ, ಬರುವ ಆದಿತ್ಯವಾರ ನನ್ನ ಚಾಯ, ನನ್ನ ಹೆಸರಿನಲ್ಲಿ, ಬನ್ನಿ ಎಂದು ಹೇಳಿ ಇಳಿದು ಬಂದಳು. ಅವಳಿಗೆ ಯಾರೂ ಒಂದು ಗ್ಲಾಸು ಚಾಯ ಕೊಡಲಿಲ್ಲ.

ಆ ಮರುವಾರದ ಚಾಯದ ಬಗ್ಗೆ ಹೇಳಲಿಕ್ಕೆ ಹೆಚ್ಚಿಲ್ಲ. ಕಿನ್ನಿ ಎಂಬ ಹೆಸರಿಗೆ ಯಾರೂ ಏನೂ ಕೊಡಬೇಕಾಗಿರಲಿಲ್ಲ. ಬಂದ ಕೆಲವರು, ಹೋದ ವಾರವಷ್ಟೇ ನಿಮ್ಮ ಮನೆಗೆ ಹಾಕಿದ್ದೇವೆ ಎಂದು ನಾಲ್ಕಾಣೆ, ಎಂಟಾಣೆ ಹಾಕಿದರು. ಬಡಗಿ ಜೊಕಿಮ್ ಮಾತ್ರ ಐದು ರೂಪಾಯಿ ಹಾಕಿದ. ಅವನು ಹೊಸಬ, ಯಾವ ಕೊಡುಕೊಳ್ಳುವಿಕೆಯಲ್ಲೂ ಇಲ್ಲದವನು. ಚಾಯ, ಅವಲಕ್ಕಿ, ಸಕ್ಕರೆಯ ಖರ್ಚು ಕಳೆದು ಉಳಿದದ್ದರಲ್ಲಿ ಪುಸ್ತಕವೂ ಬರುವ ಹಾಗಿರಲಿಲ್ಲ. ಎಲ್ಲರಿಗಿಂತ ಕೊನೆಗೆ ಮಾವ ಬಂದ. ಬಾರದೆ ಉಪಾಯವಿರಲಿಲ್ಲ, ಅಮ್ಮನ ಒಂದು ರೂಪಾಯಿ ಅವನ ಹರಿವಾಣಕ್ಕೆ ಬಿದ್ದದ್ದನ್ನು ಊರೇ ಕೇಳಿತ್ತು. ಒಂದಕ್ಕೆ ಎರಡು ಹಾಕಿ, ನನ್ನಿಂದ ಏನೂ ಕೊರತೆಯಾಗಲಿಲ್ಲ ಎಂಬ ಮುಖ ಮಾಡಿ ಹೋದ. ಅವನಿಗೆ ನಾನೂರಕ್ಕೆ ಮೇಲೆ ಬಂದಿತ್ತಂತೆ.

ಜೂನ್ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಕಾಲೇಜಿನ ಮೆಟ್ಟಲು ಹತ್ತಲಿಲ್ಲ. ಎರಡು ವರ್ಷ ಅಮ್ಮನ ಎದುರು ಗೆರಸೆ ಇಟ್ಟುಕೊಂಡು ಬೀಡಿ ಕಟ್ಟಿದೆ, ಆಮೇಲೆ ಸರಕಾರದ ಭತ್ಯೆ ಸಿಕ್ಕುವ ಟೀಚರ್ ಟ್ರೈನಿಂಗಿಗೆ ಹೋದೆ. ಈಗ ಒಂದನೆಯ ತರಗತಿಗೆ ಅಕ್ಷರ ಕಲಿಸುತ್ತೇನೆ. ಅದೂ ಒಳ್ಳೆಯ ಕೆಲಸವೇ ಎಂದು ಸಮಾಧಾನ ಹೇಳುವವರಿದ್ದಾರೆ. ಒಳ್ಳೆಯ ಕೆಲಸವಲ್ಲ ಎಂದು ನಾನು ಹೇಳಿಲ್ಲ. ನನಗೆ ಬೇಕಾದ್ದು ಬೇರೆ ಇತ್ತು, ಅದಕ್ಕೆ ಬೇಕಾದ ದುಡ್ಡು ನಮ್ಮಲ್ಲಿತ್ತು, ಅದನ್ನು ಕದ್ದರು ಎಂದು ಹೇಳುತ್ತಿದ್ದೇನೆ. ಕುಂಬಳೆಗೆ ಹೋದಾಗ ನಾನು ಇವತ್ತಿಗೂ ಆ ಮನೆಯ ಎದುರಿನ ದಾರಿ ಹಿಡಿಯುವುದಿಲ್ಲ.

ಈ ಜೂನಿನಲ್ಲಿ ನಮ್ಮ ಮನೆಗೆ ಒಂದು ಅಚ್ಚಿನ ಕಾಗದ ಬಂತು. ಹೊನ್ನಯ್ಯ ಮಾವನ ಹಿರಿಯ ಮಗ ಕಾಲೇಜಿಗೆ ಸೇರುತ್ತಾನೆ, ಆ ಪ್ರಯುಕ್ತ ಕೂಸಪ್ಪನ ಅಂಗಡಿಯಲ್ಲಿ ಚಾಯ. ಮೇಲೆ ಶಾಯಿಯಲ್ಲಿ ಬರೆದದ್ದು ಅಮ್ಮನ ಹೆಸರು. ನಾಲ್ಕು ವರ್ಷದ ಹಿಂದೆ ಅಮ್ಮ ಒಂದು ಹಾಕಿದ್ದಳು, ಅವನು ಎರಡು ಹಾಕಿದ್ದ. ಕುರಿಯ ಲೆಕ್ಕದಲ್ಲಿ ಅಮ್ಮ ಅವನಿಗೆ ಒಂದು ರೂಪಾಯಿ ಬಾಕಿ. ಹನ್ನೆರಡು ವರ್ಷದ ದುಡ್ಡು ನೆನಪಿಲ್ಲದವನಿಗೆ ಆ ಒಂದು ರೂಪಾಯಿ ನೆನಪಿತ್ತು. ನಾನು ಕಾಗದವನ್ನು ಒಲೆಗೆ ಹಾಕಲು ಹೋದೆ. ಆ ಬಾಗಿಲಿಗೆ ಹೋದರೆ ನೋಡು ಎಂದು ಅಮ್ಮನ ಮೇಲೆಯೇ ಹರಿಹಾಯ್ದೆ.

ಅಮ್ಮ ಬೀಡಿಯ ತಲೆ ಮಡಚುತ್ತಾ, "ಹೋಗದಿದ್ದರೆ ನಾನೂ ಅವನೂ ಒಂದೇ ಆಗ್ತೇವೆ" ಎಂದಳು.

ಆದಿತ್ಯವಾರ ಇಬ್ಬರೂ ಹೋದೆವು. ಅಮ್ಮ ಎದುರಿನ ಬಾಗಿಲಿನಿಂದ ಹೋಗಿ ಬೆಂಚಿನಲ್ಲಿ ಕೂತಳು. ಬದಿಯಲ್ಲಿದ್ದವರು ಸರಿದು ಜಾಗ ಬಿಟ್ಟರು. ಕೂಸಪ್ಪನ ಕೂದಲು ನೆರೆತಿದೆ, ಗಂಟಲು ಹಾಗೆಯೇ ಇದೆ. ಈ ಸಲ ಅವನೇ ಚಾಯ ತಂದು ಇಟ್ಟ. ಅಮ್ಮ ಅವಸರ ಮಾಡಲಿಲ್ಲ. ಊದಿ ಊದಿ, ತಳದ ಸಕ್ಕರೆಯವರೆಗೆ ಕುಡಿದಳು. ಹರಿವಾಣದ ಬದಿಯಲ್ಲಿ ಮಾವ, ಅವನ ಬದಿಯಲ್ಲಿ ಕಾಲೇಜಿಗೆ ಹೋಗುವ ಮಗ. ಮಾವ ನಗಲು ನೋಡಿದ, ಬಂದೆಯಾ ಅಕ್ಕ ಎಂದ. ಅಮ್ಮ ಸೆರಗಿನ ಗಂಟು ಬಿಚ್ಚಿದಳು. ಒಂದು ರೂಪಾಯಿ ತೆಗೆದು ಹರಿವಾಣಕ್ಕೆ ಹಾಕಿ, ಖಾಲಿ ಸೆರಗನ್ನು ಕೊಡವಿದಳು.

ಕೂಸಪ್ಪ ಕೂಗಲು ಬಾಯಿ ತೆರೆದವನು ಹಾಗೆಯೇ ನಿಂತ. ಎರಡು ಹಾಕಿದ್ದರೆ ಕೊಡುಕೊಳ್ಳುವುದು ಮುಂದೆ ಹೋಗುತ್ತಿತ್ತು. ಒಂದು ಎಂದರೆ ಏನೆಂದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು.

"ಇನ್ನೊಂದು ಹಾಕು ಕಿನ್ನಿಯಕ್ಕ. ಒಡಹುಟ್ಟಿದ ತಮ್ಮ ಅಲ್ವಾ" ಎಂದ ಕೂಸಪ್ಪ.

"ಒಂದೇ. ಕೂಗು."

ಮಾವ ಅಕ್ಕಾ ಎಂದು ಅರ್ಧ ಎದ್ದ. ಮದ್ರಾಸಿನ ಗುಮಾಸ್ತನ ಮುಖದಲ್ಲಿ ರಕ್ತ ಇರಲಿಲ್ಲ. ಅವನ ಮಗ ಏನೂ ಅರ್ಥವಾಗದೆ ಅಪ್ಪನ ಮುಖ, ಅತ್ತೆಯ ಮುಖ ನೋಡುತ್ತಿದ್ದ. ಕೂಸಪ್ಪ ಕೂಗಿದ. ಮಾರ್ಗದಲ್ಲಿ ಬಸ್ಸು ಕಾಯುತ್ತಿದ್ದವರಿಗೂ ಕೇಳಿತು.

"ಕಿನ್ನಿ, ಒಂದು ರೂಪಾಯಿ."

ಅಮ್ಮ ಗ್ಲಾಸನ್ನು ಬೆಂಚಿನ ಮೇಲಿಟ್ಟು, ಎದುರಿನ ಬಾಗಿಲಿನಿಂದಲೇ ಹೊರಗೆ ಬಂದಳು.